ಸೈಕಲ್ ಪುಸ್ತಕ: ಡಿಸೆಂಬರ್ ಲೆಕ್ಕ

ಡಿಸೆಂಬರ್ 28, ಭಾನುವಾರ

ಬೆಳಿಗ್ಗೆ ಏಳೂವರೆ. ಎದುರು ಮನೆಯ ಗೇಟು ಮಂಜಿನಲ್ಲಿ ಇನ್ನೂ ಕಾಣುತ್ತಿಲ್ಲ. ಚಳಿಗೆ ಗ್ರೀಸ್ ಡಬ್ಬಿ ಕಲ್ಲಾಗಿದೆ. ಬಿಸಿಲು ಏರುವ ತನಕ ಚಕ್ರದ ನಡುವಿನ ಹಬ್ ಬಿಚ್ಚುವ ಹಾಗಿಲ್ಲ. ಹೇಗೂ ಕಾಯಬೇಕಲ್ಲ, ಅಷ್ಟರಲ್ಲಿ ವರ್ಷದ ಲೆಕ್ಕ ಬರೆದುಬಿಡೋಣ ಅಂತ ಪೋರ್ಟಿಕೋದಲ್ಲಿ ಶಾಲು ಹೊದ್ದು ಕೂತಿದ್ದೇನೆ.

ಮೊದಲು ಅಂಕಿ. ಈ ವರ್ಷ ನಮ್ಮ ಪೋರ್ಟಿಕೋಗೆ ಬಂದ ಹಳೆ ಸೈಕಲ್ 23. ರಿಪೇರಿ ಮಾಡಿ ಬೇಕಾದವರಿಗೆ ಕೊಟ್ಟವು 14. ಬಿಚ್ಚಿ ಸ್ಪೇರ್‌ಗೆ ಇಟ್ಟುಕೊಂಡವು 6. ಗೋಡೆಗೆ ಒರಗಿಕೊಂಡು ನನ್ನ ಮುಖ ನೋಡುತ್ತಿರುವವು 3. ಖರ್ಚು 15 ಸಾವಿರದ ಆಚೆ ಈಚೆ. ಅರ್ಧಕ್ಕಿಂತ ಜಾಸ್ತಿ ಟೈರು, ಟ್ಯೂಬಿಗೇ ಹೋಗಿದೆ. ಕಾರು ಮಾರ್ಚ್‌ನಿಂದ ಬೀದಿಯಲ್ಲೇ ನಿಂತಿದೆ. ಅದರ ಬಗ್ಗೆ ನನ್ನ ಹೆಂಡತಿ ಏನು ಹೇಳುತ್ತಾಳೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಇನ್ನೂ ಒಂದು ಸೈಕಲ್ ಇದೆ. ಅದಕ್ಕೆ ಪುಸ್ತಕದಲ್ಲಿ ನಂಬರ್ ಹಾಕಿಲ್ಲ. ಅದರ ವಿಷಯ ಆಮೇಲೆ.

ಶುರುವಾಗಿದ್ದು ಸಂಕ್ರಾಂತಿಗೆ. ಹಾಸನದ ಹತ್ತಿರ ದುದ್ದದ ಕಡೆ ನೆಂಟರ ಮನೆಗೆ ಹೋಗಿದ್ದೆವು. ಕೊಟ್ಟಿಗೆಯಲ್ಲಿ ಹುಲ್ಲಿನ ಹಿಂದೆ ಎರಡು ಸೈಕಲ್ ಬಿದ್ದಿದ್ದವು. ಒಂದರ ಬುಟ್ಟಿಯಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ಸರ್ಕಾರಿ ಸೈಕಲ್. 2006-07ರಲ್ಲಿ ನಮ್ಮ ರಾಜ್ಯದಲ್ಲಿ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು, ಕೋವಿಡ್ ಬಂದ ಮೇಲೆ ನಿಂತಿತು. ಅಷ್ಟು ವರ್ಷ ಕೊಟ್ಟ ಸೈಕಲ್‌ಗಳೆಲ್ಲ ಎಲ್ಲಿ ಹೋದವು ಅಂತ ಕೇಳಿದರೆ ಹಾಸನದ ಸುತ್ತ ಯಾವ ಹಳ್ಳಿಯಲ್ಲಾದರೂ ಉತ್ತರ ಸಿಗುತ್ತದೆ. ಕೊಟ್ಟಿಗೆ, ಪಂಪ್‌ಸೆಟ್ ಮನೆ, ಬಚ್ಚಲ ಹಿಂದೆ. ಓಡಿಸಿದ ಹುಡುಗರು ಬೆಂಗಳೂರು ಸೇರಿದ್ದಾರೆ. ಅದೇ ಊರಿನ ಈಗಿನ ಮಕ್ಕಳು ಬಸ್ ತಪ್ಪಿದರೆ ಮೂರು ನಾಲ್ಕು ಕಿಲೋಮೀಟರ್ ನಡೆಯುತ್ತಾರೆ.

"ತಗೊಂಡೋಗಿ, ಜಾಗ ಆದ್ರೂ ಆಗುತ್ತೆ" ಅಂದರು ನೆಂಟರು. ಕಾರಿನ ಮೇಲೆ ಕಟ್ಟಿಕೊಂಡು ಬಂದೆ. ಆಗ ನನಗೆ ಪಂಕ್ಚರ್ ಹಾಕೋಕೂ ಬರುತ್ತಿರಲಿಲ್ಲ.

ಮೊದಲ ವಾರವೇ ಮರ್ಯಾದೆ ಹೋಯಿತು. ಎಡಗಡೆ ಪೆಡಲ್ ಬಿಚ್ಚೋಕೆ ಒಂದು ಗಂಟೆ ಒದ್ದಾಡಿದೆ. ಸ್ಪ್ಯಾನರ್‌ಗೆ ಪೈಪು ಸಿಕ್ಕಿಸಿ ತೂಗಿದೆ. ಅದು ಬಿಗಿಯಾಗುತ್ತಾ ಹೋಯಿತು. ಕೊನೆಗೆ ಸಂತೆಪೇಟೆ ಕಡೆಯ ಒಂದು ಸಣ್ಣ ಸೈಕಲ್ ಶಾಪಿಗೆ ತಳ್ಳಿಕೊಂಡು ಹೋದೆ. ಅಲ್ಲಿನ ಅಜ್ಜ ಒಂದು ಸಲ ನೋಡಿ, "ಎಡಗಾಲು ಉಲ್ಟಾ ಮರೆ ಸಾರ್. ನೀವು ಬಿಚ್ಚಿಲ್ಲ, ಇಷ್ಟೊತ್ತೂ ಟೈಟ್ ಮಾಡಿದೀರ" ಅಂದರು. ಐವತ್ತು ದಾಟಿದ ಮೇಲೆ ಇಂಥದ್ದೆಲ್ಲ ನಾಲ್ಕು ಜನರ ಮುಂದೆ ಕೇಳಿಸಿಕೊಳ್ಳುವುದು ಸುಲಭ ಅಲ್ಲ. ಆಫೀಸಿನಲ್ಲಿ ನಾನು ಬೇರೆಯವರ ತಪ್ಪು ಹುಡುಕುವ ಕೆಲಸದಲ್ಲಿರುವವನು.

ಚಕ್ರದ ಬೆಂಡ್ ತೆಗೆಯೋದು ಕಲಿಸಿದ್ದೂ ಅವರೇ. ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಯಾಕೆಂದರೆ ಈ ವರ್ಷ ನನ್ನ ಕೈ ನಿಜವಾಗಿ ಕಲಿತ ಕೆಲಸ ಅಂದರೆ ಇದೊಂದೇ.

ಸೈಕಲನ್ನು ತಲೆಕೆಳಗು ನಿಲ್ಲಿಸಿ ಚಕ್ರ ತಿರುಗಿಸಬೇಕು. ರಿಮ್ಮಿನ ಪಕ್ಕ ಒಂದು ಸೀಮೆಸುಣ್ಣ ಅಲ್ಲಾಡದ ಹಾಗೆ ಹಿಡಿಯಬೇಕು. ರಿಮ್ ಎಲ್ಲಿ ಆ ಕಡೆ ಬಾಗಿದೆಯೋ ಅಲ್ಲಿ ಬಿಳಿ ಗೆರೆ ಬೀಳುತ್ತದೆ. ಗೆರೆ ಎಡಗಡೆ ಬಿದ್ದರೆ ಅಲ್ಲಿ ಬಲಗಡೆಗೆ ಎಳೆಯುವ ಕಡ್ಡಿಯನ್ನು ಕಾಲು ಸುತ್ತು ಬಿಗಿ ಮಾಡಬೇಕು, ಎಡಗಡೆಯದನ್ನು ಕಾಲು ಸುತ್ತು ಸಡಿಲ ಬಿಡಬೇಕು. ಕಾಲು ಸುತ್ತು ಅಷ್ಟೇ. ನಾನು ಆತುರಕ್ಕೆ ಒಂದೊಂದು ಸುತ್ತು ಹೊಡೆದೆ. ಮೂರು ಗಂಟೆ ಕೂತು ಮಾಡಿದ ಮೊದಲ ಚಕ್ರ ಕೋಳಿಮೊಟ್ಟೆ ಆಕಾರಕ್ಕೆ ಬಂತು. ಅಜ್ಜ ಏನೂ ಅನ್ನಲಿಲ್ಲ. ಅಷ್ಟೂ ಕಡ್ಡಿ ಸಡಿಲ ಮಾಡಿ, "ಇನ್ನೊಂದ್ಸಲ" ಅಂತ ಚಕ್ರ ನನ್ನ ಮಡಿಲಿಗಿಟ್ಟು ಟೀ ಕುಡಿಯೋಕೆ ಹೋದರು. ಹಳೆ ದೊಡ್ಡ ಸೈಕಲ್‌ಗೆ ಮುಂದೆ 32 ಕಡ್ಡಿ, ಹಿಂದೆ 40. ಅವತ್ತು ನನ್ನ ಪಾಲಿಗೆ ಬಂದಿದ್ದು ಹಿಂದಿನ ಚಕ್ರ.

ಸುಮಾರು ಹತ್ತನೇ ಚಕ್ರದ ಹೊತ್ತಿಗೆ ಕಿವಿ ಕಲಿಯಿತು. ಕಡ್ಡಿಯನ್ನು ಬೆರಳಲ್ಲಿ ಮೀಟಿದರೆ ಬಿಗಿ ಇದ್ದದ್ದು ಟಿಣ್ ಅನ್ನುತ್ತದೆ. ಸಡಿಲ ಇದ್ದದ್ದು ಮಂಕಾಗಿ ಡಬ್ ಅನ್ನುತ್ತದೆ. ಈಗ ಸೀಮೆಸುಣ್ಣ ಹಿಡಿಯುವ ಮುಂಚೆಯೇ ಒಂದು ಸುತ್ತು ಮೀಟಿ ನೋಡುತ್ತೇನೆ.

ಅವರಿಗೆ ಐನೂರು ರೂಪಾಯಿ ಕೊಡೋಕೆ ಹೋದೆ. ತಗೊಳ್ಳಲಿಲ್ಲ. "ಇದ್ರಲ್ಲಿ ಬಾಲ್ಸ್ ತಗೊಳಿ, ಬೇಕಾಗುತ್ತೆ" ಅಂದರು. ಬಾಲ್ಸ್ ಅಂದರೆ ಬೇರಿಂಗಿನ ಉಕ್ಕಿನ ಗುಂಡು. ಬೇಕಾಯಿತು. ಒಂದು ಗ್ರೋಸ್ ಅಂದರೆ 144. ಕಾಲು ಇಂಚಿನ ಬಾಲ್ಸ್ ಹಿಂದಿನ ಹಬ್‌ಗೆ ಒಂದೊಂದು ಕಡೆ 9, ಎರಡು ಪೆಡಲ್ ನಡುವಿನ ಎಕ್ಸೆಲ್‌ಗೆ ಒಂದೊಂದು ಕಡೆ 11. ಮೂರೂವರೆ ಸೈಕಲ್‌ಗೆ ಗ್ರೋಸ್ ಖಾಲಿ.

ಪುಸ್ತಕ ತಿರುಗಿಸುವಾಗ ಈಗ ಕಣ್ಣಿಗೆ ಬಿತ್ತು. "ಯಾರಿಗೆ ಕೊಟ್ಟಿದ್ದು" ಅಂತ ಕಾಲಂ ಇದೆ. "ಯಾರ ಹತ್ತಿರ ತಗೊಂಡಿದ್ದು" ಅಂತ ಕಾಲಂ ಇಲ್ಲ. ಈಗಷ್ಟೇ ಗೆರೆ ಎಳೆದೆ. ಅಜ್ಜನ ಹೆಸರು ಬರೆಯೋಣ ಅಂದರೆ ಹೆಸರೇ ಕೇಳಿಲ್ಲ. ಹನ್ನೊಂದು ತಿಂಗಳಾಯಿತು.

ಏಪ್ರಿಲ್ ನಷ್ಟದ ತಿಂಗಳು. ಅಂಗಡಿಯೊಂದರಲ್ಲಿ "26 ಇಂಚಿನದು ಕೊಡಿ" ಅಂತ ಆರು ಟೈರು ಒಟ್ಟಿಗೆ ತಂದೆ. 26ರಲ್ಲಿ 1⅜ ಬೇರೆ, 1½ ಬೇರೆ. ಒಂದರ ರಿಮ್ಮಿಗೆ ಇನ್ನೊಂದು ಕೂರಲ್ಲ. ಬದಲಾಯಿಸಿ ಕೊಡಲಿಲ್ಲ. ಆ ಆರರಲ್ಲಿ ಎರಡು ಇನ್ನೂ ಅಟ್ಟದ ಮೇಲಿವೆ.

ಜೂನ್ 3. ವಿಶ್ವಸಂಸ್ಥೆ 2018ರಲ್ಲಿ ಆ ದಿನವನ್ನು ಸೈಕಲ್ ದಿನ ಅಂತ ಘೋಷಿಸಿದೆ. ನಾನು ಅದನ್ನು ಎಲ್ಲೋ ಓದಿ ತಲೆಗೆ ಹಾಕಿಕೊಂಡಿದ್ದೆ. ಸ್ಕೂಲೂ ಆಗಷ್ಟೇ ಶುರುವಾಗಿತ್ತು. ಮೊದಲ ನಾಲ್ಕು ಸೈಕಲ್ ಅವತ್ತೇ ಕೊಡಬೇಕು ಅಂತ ಹಠ ಹಿಡಿದು ಮುಗಿಸಿದೆ. ಮಕ್ಕಳನ್ನು ಮನೆಗೇ ಕರೆಸಿದೆ. ಹ್ಯಾಂಡಲ್‌ಗೆ ಬಲೂನು ಬೇರೆ. ಸಾಲಾಗಿ ನಿಲ್ಲಿಸಿ, ಮಧ್ಯದಲ್ಲಿ ನಾನು ನಿಂತು ಫೋಟೋ ತೆಗೆಸಿಕೊಂಡೆ. ಸಂಜೆ ಸ್ಟೇಟಸ್ ಹಾಕಿದೆ. ಆಫೀಸಿನವರೆಲ್ಲ ಕೈಮುಗಿದ ಚಿಹ್ನೆ ಕಳಿಸಿದರು. ಒಳ್ಳೇ ಖುಷಿಯಲ್ಲಿದ್ದೆ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಫೋನು ತಗೊಂಡು ಫೋಟೋ ದೊಡ್ಡದು ಮಾಡಿದಳು. "ಈ ಹುಡುಗಿ ನೋಡಿ" ಅಂದಳು. ಎಡತುದಿಯಲ್ಲಿ ನಿಂತಿದ್ದ ಹುಡುಗಿ. ಬಲಗೈ ಹ್ಯಾಂಡಲ್ ಮೇಲೆ. ಎಡಗೈಯಲ್ಲಿ ಸ್ಕೂಲ್ ಬ್ಯಾಗನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದಾಳೆ. ಬ್ಯಾಗಿನ ಜಿಪ್ಪು ಹರಿದಿದೆ. ಅದು ಫೋಟೋದಲ್ಲಿ ಬರಬಾರದು ಅಂತ ಬೆರಳು ಅಗಲಿಸಿ ಮುಚ್ಚಿಕೊಂಡಿದ್ದಾಳೆ. ಕ್ಯಾಮೆರಾ ನೋಡುತ್ತಿಲ್ಲ, ಸೈಕಲ್ಲೂ ನೋಡುತ್ತಿಲ್ಲ.

ಅನ್ನ ಕಲಸಿದ ಕೈಯಲ್ಲೇ ಸ್ಟೇಟಸ್ ಅಳಿಸಿದೆ. ಆಮೇಲೆ ಹೋದ ಹತ್ತು ಸೈಕಲ್‌ಗಳ ಫೋಟೋ ಇಲ್ಲ. ಮನೆಗೂ ಕರೆಸಿಲ್ಲ. ನಾನೇ ಹೋಗಿ ಬಿಟ್ಟು, ಬಸ್ ಹತ್ತಿ ವಾಪಸ್ ಬಂದಿದ್ದೇನೆ.

ಇಷ್ಟಕ್ಕೇ ಬುದ್ಧಿ ಬಂತು ಅಂದುಕೊಂಡಿದ್ದೆ. ಆಗಸ್ಟ್ ಬಾಕಿ ಇತ್ತು.

ಆಗಸ್ಟ್‌ನಲ್ಲಿ ಸ್ಪೇರ್ ಹುಡುಕಿಕೊಂಡು ಗುಜರಿ ಅಂಗಡಿಗೆ ಹೋಗಿದ್ದೆ. ರಾಶಿಯಲ್ಲಿ ಟೈರು ಕಿತ್ತ ಒಂದು ಚಕ್ರ. ರಿಮ್ಮಿನ ಒಳಗೆ ಹಸಿರು ಪಟ್ಟಿ. ರಿಮ್ ಟೇಪ್ ಸಿಗದೆ ನನ್ನ ಹೆಂಡತಿಯ ಹಳೆ ಸೀರೆ ಅಂಚು ಕತ್ತರಿಸಿ ಸುತ್ತಿದ್ದೆ, ಅದೇ ಅಂಚು. ನಂಬರ್ 4. ನಾಲ್ಕು ಭಾನುವಾರದ ಕೆಲಸ. 450 ರೂಪಾಯಿಗೆ ಕೊಟ್ಟು ಹೋದರು ಅಂದ ಗುಜರಿಯವನು.

ನನ್ನ ಸಿಟ್ಟು ನೆತ್ತಿಗೇರಿತು. ಸೀದಾ ಆ ಮನೆಗೆ ಹೋದೆ. ಹುಡುಗನ ತಾಯಿ ಆಲೂಗಡ್ಡೆ ಕೀಳುವ ಕೆಲಸದಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಒಂದೇ ಉಸಿರಿಗೆ ಆಡಿದೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು ಹೇಳಿದರು. ಹುಡುಗನಿಗೆ ಹಾಸ್ಟೆಲ್ ಸೀಟು ಸಿಕ್ಕಿತ್ತು. ಟ್ರಂಕು, ತಟ್ಟೆ ಲೋಟ, ಕಂಬಳಿ ತರಬೇಕು ಅಂತ ಚೀಟಿ ಕೊಟ್ಟಿದ್ದರು. ಹಾಸ್ಟೆಲ್ ಸ್ಕೂಲಿನ ಪಕ್ಕದಲ್ಲೇ ಇತ್ತು, ಸೈಕಲ್ ಬೇಕಿರಲಿಲ್ಲ. ಆ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಟ್ರಂಕು ತಂದರು.

"ಕೊಟ್ಬಿಟ್ರಿ ಅಂದ್ಕೊಂಡಿದ್ವಿ ಸಾರ್" ಅಂದರು. "ವಾಪಸ್ ಕೇಳೋದಿರುತ್ತೆ ಅಂತ ಗೊತ್ತಿರ್ಲಿಲ್ಲ."

ಕೊಂಕು ಏನೂ ಇರಲಿಲ್ಲ. ನಿಜವಾಗಿ ಗೊತ್ತಿರಲಿಲ್ಲ, ಅಷ್ಟೇ. ಕಾಫಿ ಕುಡಿದು ಹೋಗಿ ಅಂತ ಕೂರಿಸಿದರು. ಬೆಲ್ಲದ ಕಾಫಿ. ಕುಡಿದೆ. ಬೇರೆ ಏನು ಮಾಡಬೇಕು ಅಂತ ನನಗೂ ಗೊತ್ತಾಗಲಿಲ್ಲ.

ಪುಸ್ತಕದಲ್ಲಿ "ಈಗ ಹೇಗಿದೆ" ಅಂತ ಇನ್ನೊಂದು ಕಾಲಂ ಇತ್ತು. ತಿಂಗಳಿಗೊಮ್ಮೆ ಫೋನ್ ಮಾಡಿ ತುಂಬುತ್ತಿದ್ದೆ. ಗಂಟೆ ಇದೆಯಾ, ಚೈನಿಗೆ ಎಣ್ಣೆ ಬಿಟ್ಟಿದೀರಾ, ಮಳೆಯಲ್ಲಿ ನಿಲ್ಲಿಸಿಲ್ಲ ತಾನೆ? ಕೊಟ್ಟ ಮೇಲೂ ಒಂದು ಕೈ ಹ್ಯಾಂಡಲ್ ಮೇಲೇ ಇಟ್ಟುಕೊಂಡಿದ್ದೆ ಅಂತ ಅವತ್ತು ಬಸ್‌ನಲ್ಲಿ ಬರುವಾಗ ಅನ್ನಿಸಿತು. ಆ ಕಾಲಂ ಹೊಡೆದು ಹಾಕಿದೆ.

ಅದರ ಬದಲು ಈಗ ಪ್ರತಿ ಸೈಕಲ್ ಜೊತೆ ಒಂದು ಸಣ್ಣ ಚೀಲ ಹೋಗುತ್ತದೆ. ಸಲ್ಯೂಷನ್ ಟ್ಯೂಬು, ನಾಲ್ಕು ತುಂಡು ರಬ್ಬರ್, ಉಜ್ಜೋ ಕಾಗದ, ಒಂದು ಡಂಬಲ್ ಸ್ಪ್ಯಾನರ್, ಎರಡು ವಾಲ್‌ಟ್ಯೂಬು. ಬೇಕಾದವರು ಭಾನುವಾರ ಬಂದು ಪಂಕ್ಚರ್ ಹಾಕೋದು ಕಲಿಯಬಹುದು. ಬರದಿದ್ದರೆ ಬೇಡ. ಹರಿದ ಜಿಪ್ಪಿನ ಬ್ಯಾಗಿನ ಹುಡುಗಿ ಮೂರು ಭಾನುವಾರ ಬಂದಳು. ಸಾಲಗಾಮೆ ರಸ್ತೆಯಲ್ಲಿ ಬರುತ್ತಾಳೆ, ಇಸ್ರೋದ ದೊಡ್ಡ ಆಂಟೆನಾಗಳ ಪಕ್ಕದಲ್ಲೇ. 1982ರಿಂದ ಉಪಗ್ರಹಗಳನ್ನು ಅಲ್ಲಿ ಕೂತು ನೋಡಿಕೊಳ್ಳುತ್ತಿದ್ದಾರೆ. ಅದೇ ರಸ್ತೆಯಲ್ಲಿ ಇವಳ ಚೈನು ಎರಡು ಸಲ ಬಿದ್ದಿದೆ, ಅವಳೇ ಹಾಕಿಕೊಂಡಿದ್ದಾಳೆ. ನಾಲ್ಕನೇ ಭಾನುವಾರ ಅವಳ ಸೈಕಲ್ ಬರಲಿಲ್ಲ, ಪಕ್ಕದ ಮನೆಯ ಹುಡುಗನ ಸೈಕಲ್ ತಳ್ಳಿಕೊಂಡು ಬಂದಳು. ನನ್ನನ್ನು ಕರೆಯಲೂ ಇಲ್ಲ. ನಾನು ಕಾಫಿ ಮುಗಿಸಿ ಬರುವಷ್ಟರಲ್ಲಿ ಟ್ಯೂಬು ಬಕೆಟ್ ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದಳು.

ಅಕ್ಟೋಬರ್‌ನಲ್ಲಿ ಹೆಚ್ಚೇನೂ ಆಗಲಿಲ್ಲ. ಹಾಸನಾಂಬೆ ಬಾಗಿಲು ತೆಗೆದ ಮೇಲೆ ಮನೆ ತುಂಬ ನೆಂಟರು. ದರ್ಶನದ ಸಾಲಿನಲ್ಲಿ ನಿಂತಿದ್ದೇ ಕೆಲಸ.

ಈಗ ನಂಬರ್ ಇಲ್ಲದ ಸೈಕಲ್.

ಅದು ನಮ್ಮಪ್ಪನದು. ಅಟ್ಲಾಸ್, ದೊಡ್ಡ ಸೈಕಲ್, ಕಡ್ಡಿ ಬ್ರೇಕಿನದು. ಹ್ಯಾಂಡಲ್ ಕೆಳಗೆ ಭೂಮಿ ಹೊತ್ತ ಮನುಷ್ಯನ ಬಿಲ್ಲೆ ಇನ್ನೂ ಹಾಗೇ ಇದೆ. ಅಪ್ಪ ಮೇಷ್ಟ್ರಾಗಿದ್ದರು, ಅದರಲ್ಲೇ ಸ್ಕೂಲಿಗೆ ಹೋಗಿ ಬರುತ್ತಿದ್ದರು. ನಾನು ಒಳಪೆಡಲ್ ಹೊಡೆದು ಮೊಣಕಾಲು ತರಚಿಕೊಂಡಿದ್ದು ಅದರಲ್ಲೇ. ಈ ವರ್ಷ ಪೂರ್ತಿ ಸರಿ ಮಾಡಿದ ಮೊದಲ ಸೈಕಲ್ ಅದು. ಮೇಲೆ ಹಳೆ ಬೆಡ್‌ಶೀಟ್ ಹೊದಿಸಿ ಇಟ್ಟಿದ್ದೆ. ಅದೂ ಹಾಸನಾಂಬೆ ಥರಾನೇ, ಬಾಗಿಲು ತೆಗೆಯೋದು ವರ್ಷಕ್ಕೊಂದು ಸಲ.

ನವೆಂಬರ್‌ನಲ್ಲಿ ನಮ್ಮ ಬೀದಿ ಕೊನೆಯ ಕಟ್ಟಡದ ರಾತ್ರಿ ಕಾವಲಿನವರು ಬಂದರು. ಅರವತ್ತರ ಮೇಲಿನ ವಯಸ್ಸು. ಐದು ಕಿಲೋಮೀಟರ್ ನಡೆದು ಡ್ಯೂಟಿಗೆ ಬರುತ್ತಾರೆ. "ಯಾವುದಾದ್ರೂ ದೊಡ್ಡ ಸೈಕಲ್ ಇದ್ರೆ ಹೇಳಿ ಸಾರ್. ಈ ಮಕ್ಕಳ ಸೈಕಲ್ ನಂಗಾಗಲ್ಲ, ಮಂಡಿ ತಾಗುತ್ತೆ" ಅಂದರು. ಮಾತಾಡುವಾಗ ಬೆಡ್‌ಶೀಟ್ ಕೆಳಗಿನ ಚಕ್ರದ ಮೇಲೆ ಕಣ್ಣಿತ್ತು.

"ಅದ್ರ ಬ್ರೇಕ್ ಸರಿ ಇಲ್ಲ" ಅಂದೆ.

ಬ್ರೇಕ್ ಚೆನ್ನಾಗೇ ಇತ್ತು. ಅವರು "ಹೌದಾ ಸಾರ್" ಅಂತ ಹೋದರು. ಆಮೇಲೆ ಕೇಳಲಿಲ್ಲ. ದಿನಾ ಸಂಜೆ ನಮ್ಮ ಗೇಟಿನ ಮುಂದೆಯೇ ಟಾರ್ಚು, ಬುತ್ತಿ ಚೀಲ ಹಿಡಿದು ನಡೆದು ಹೋಗುತ್ತಾರೆ. ನಾನು ಒಳಗಿದ್ದರೂ ಚಪ್ಪಲಿ ಸದ್ದು ಗೊತ್ತಾಗುತ್ತದೆ.

ಹದಿನಾಲ್ಕು ಸೈಕಲ್ ಕೊಟ್ಟೆ ಅಂತ ಮೇಲೆ ಬರೆದಿದ್ದೇನೆ. ಆ ಹದಿನಾಲ್ಕರಲ್ಲಿ ಒಂದೂ ನನಗೆ ಬೇಕಾದದ್ದಾಗಿರಲಿಲ್ಲ.

ಹತ್ತು ಗಂಟೆ. ಬಿಸಿಲು ಬಂತು, ಗ್ರೀಸ್ ಮೆತ್ತಗಾಗಿದೆ. ಬೆಡ್‌ಶೀಟ್ ತೆಗೆದೆ. ಹಿಂದಿನ ಹಬ್ ಬಿಚ್ಚಿ, ಹಳೆ ಗ್ರೀಸ್ ಒರೆಸಿ, ಹೊಸ ಬಾಲ್ಸ್ ಕೂರಿಸಿದೆ. ಆ ಕಡೆ 9, ಈ ಕಡೆ 9. ಚೈನು ಅಳೆದೆ. ಹೊಸ ಚೈನಿನಲ್ಲಿ 24 ಕೊಂಡಿಗೆ ಸರಿಯಾಗಿ 12 ಇಂಚು ಬರಬೇಕು. ಇದು ಕೂದಲೆಳೆಯಷ್ಟು ಜಾಸ್ತಿ ತೋರಿಸಿತು, ನಡೆಯುತ್ತದೆ. ಬ್ರೇಕಿಗೆ ನಾಲ್ಕೂ ರಬ್ಬರ್ ಹೊಸದು ಹಾಕಿದೆ. ಪುಸ್ತಕದಲ್ಲಿ ನಂಬರ್ 24 ಅಂತ ಬರೆದೆ.

ಕಾವಲಿನವರು ಎಂಟಕ್ಕೆ ಡ್ಯೂಟಿ ಹಿಡಿಯಬೇಕು, ಏಳೂಮುಕ್ಕಾಲಿಗೆ ನಮ್ಮ ಗೇಟು ದಾಟುತ್ತಾರೆ. ಅಷ್ಟರಲ್ಲಿ ಸೀಟು ಎರಡು ಇಂಚು ಇಳಿಸಬೇಕು. ನಮ್ಮಪ್ಪ ಅವರಿಗಿಂತ ಎತ್ತರ ಇದ್ದರು. ಸೀಟಿನ ಬೋಲ್ಟು ತುಕ್ಕು ಹಿಡಿದಿದೆ, ಸೀಮೆಎಣ್ಣೆ ಬಿಟ್ಟಿದ್ದೇನೆ.