ಕಂಪ್ಯೂಟರಿನಲ್ಲಿ ಇನ್ನೂ ಮಂಗಳವಾರ

8 ನವೆಂಬರ್ 2025, ಶನಿವಾರ
ಮೈಸೂರು, ರಾತ್ರಿ 11.50

"ಇದೇನಮ್ಮ, ಇದರಲ್ಲಿ ಇನ್ನೂ ಮಂಗಳವಾರ ಅಂತಿದೆ?"

ಮಾವ ಕೂಗಿ ಕೇಳಿದಾಗ ನಾನು ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಪ್ರತಿದಿನ ಬರೆಯಲು ಶುರು ಮಾಡುವ ಮುಂಚೆ ಗಡಿಯಾರದ ಮೇಲೆ ಮೌಸ್ ಇಟ್ಟು ತಾರೀಖು ನೋಡಿಕೊಳ್ಳುವುದು ಅವರ ಅಭ್ಯಾಸ. ಮೇಷ್ಟ್ರಾಗಿದ್ದಾಗ ಬೋರ್ಡಿನ ಮೂಲೆಯಲ್ಲಿ ತಾರೀಖು ಬರೆಯುತ್ತಿದ್ದರಲ್ಲ, ಅದೇ. ನವೆಂಬರ್ 4 ಅಂತ ತೋರಿಸುತ್ತಿದೆ ಅಂದರು.

ಸೊಪ್ಪು ಅಲ್ಲೇ ಬಿಟ್ಟು ಓಡಿದೆ. ನೋಡುವ ಮೊದಲೇ ಗೊತ್ತಾಗಿತ್ತು ನನಗೆ.

ಮಧ್ಯಾಹ್ನ ನಡೆದದ್ದು ಇಷ್ಟು. ಮಾವನ ವಿಂಡೋಸ್ ಎಕ್ಸ್‌ಪಿಗೆ ಹಳೇ ಪ್ರಿಂಟರ್ ಸಿಕ್ಕಿಸಲು ಹೋಗಿದ್ದೆ. ಅದು ಬಿಡಿ ಯಂತ್ರವಲ್ಲ, ಮೆಟ್ಟಿಲ ಕೆಳಗಿನ ಡಬ್ಬದೊಳಗೆ ಸಾಫ್ಟ್‌ವೇರಿನಲ್ಲೇ ಓಡುವ ಕಂಪ್ಯೂಟರ್, ವರ್ಚುವಲ್ ಮಷೀನ್. ಡ್ರೈವರ್ ಹಾಕಿದ ಮೇಲೆ ಅದು ಏಳಲೇ ಇಲ್ಲ, ನೀಲಿ ಪರದೆ. ಇಂಥ ಯಂತ್ರಗಳನ್ನು ನಡೆಸುವ ಪ್ರಾಕ್ಸ್‌ಮಾಕ್ಸ್ ತೆಗೆದು ನೋಡಿದರೆ "ಪ್ರಿಂಟರ್‌ಗೆ ಮುಂಚೆ" ಅಂತ ನಾನೇ ಹೆಸರಿಟ್ಟ ಸ್ನ್ಯಾಪ್‌ಶಾಟ್, ಅಂದರೆ ಯಂತ್ರ ಆ ಕ್ಷಣ ಹೇಗಿತ್ತೋ ಹಾಗೇ ಹಿಡಿದಿಟ್ಟದ್ದು, ಕಾಣಿಸಿತು. ಅಬ್ಬ, ಎಂಥಾ ಜಾಣೆ ನಾನು ಅಂದುಕೊಂಡು, ಆ ಸ್ಥಿತಿಗೆ ಮರಳಿಸುವ ರೋಲ್‌ಬ್ಯಾಕ್ ಒತ್ತಿದೆ. ಖಂಡಿತಾನಾ ಅಂತ ಕೇಳಿತು. ಹ್ಞೂಂ ಅಂದೆ. ಆದರೆ ಆ "ಮುಂಚೆ" ಇವತ್ತಿನ ಮುಂಚೆ ಅಲ್ಲ. ಮಂಗಳವಾರ ಒಮ್ಮೆ ಪ್ರಿಂಟರ್ ನೋಡೋಣ ಅಂತ ಕೂತು, ಸ್ನ್ಯಾಪ್‌ಶಾಟ್ ತೆಗೆದು, ಫೋನ್ ಬಂತು ಅಂತ ಎದ್ದು ಹೋಗಿದ್ದೆನಲ್ಲ, ಅವತ್ತಿನದು. ಮೆಮೊರಿ ಸಮೇತ ತೆಗೆದಿದ್ದರಿಂದ ಯಂತ್ರ ಮಂಗಳವಾರ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯಿತು. ಕನ್ನಡ ಟೈಪ್ ಮಾಡುವ ನುಡಿಯ ಫೈಲ್ ತೆರೆದೇ ಇತ್ತು. "ಬಿಂದಿ" ಅಂತ ಅರ್ಧ ಪದ, ಅದರ ಮುಂದೆ ಕರ್ಸರ್ ಮಿಟುಕಿಸುತ್ತಿತ್ತು.

ಬುಧ, ಗುರು, ಶುಕ್ರ, ಇವತ್ತು ಬೆಳಿಗ್ಗೆ. ನಾಲ್ಕು ದಿನದ ಬರಹ ಹೋಗಿತ್ತು.

ಆಫೀಸಿನಲ್ಲಿ "ಸ್ನ್ಯಾಪ್‌ಶಾಟ್ ಅಂದರೆ ಬ್ಯಾಕಪ್ ಅಲ್ಲ ಕಣ್ರೋ" ಅಂತ ಹುಡುಗರಿಗೆ ಬೈಯುವವಳು ನಾನು. ಅದಕ್ಕೇ ಸಂಬಳ ತೆಗೆದುಕೊಳ್ಳುತ್ತೇನೆ.

ಮೆಟ್ಟಿಲ ಕೆಳಗಿನ ಡಬ್ಬದ ವಿಷಯ ಎಷ್ಟು ಸಲ ಬರೆದಿದ್ದೇನೋ. ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದ ಹಳೇ ಆಫೀಸ್ ಪಿಸಿ, ಐ5-6500 ಪ್ರೊಸೆಸರ್, ನಾಲ್ಕು ಕೋರ್, 16 ಜಿಬಿ ಮೆಮೊರಿ. ಅದರೊಳಗೆ ಈಗ ಆರು ಬಿಡಾರ. ಜಾಹೀರಾತು ತಡೆಯುವ ಪೈ-ಹೋಲ್, ದೀಪ-ಪಂಪ್ ನೋಡಿಕೊಳ್ಳುವ ಹೋಮ್ ಅಸಿಸ್ಟೆಂಟ್, ಸಿನಿಮಾಕ್ಕೆ ಜೆಲ್ಲಿಫಿನ್, ಇವರ ಲೆಕ್ಕಪತ್ರದ ವಿಂಡೋಸ್ 10, ಮಾವನ ಎಕ್ಸ್‌ಪಿ, ಪುಟ್ಟನ ಉಬುಂಟು ಲಿನಕ್ಸ್. ಎಲ್ಲರಿಗೂ ಹಂಚಿದ ಮೆಮೊರಿ ಕೂಡಿಸಿದರೆ 15.5 ಜಿಬಿ. ಮನೆ ಯಜಮಾನನಿಗೇ, ಅಂದರೆ ಪ್ರಾಕ್ಸ್‌ಮಾಕ್ಸ್‌ಗೇ, ಉಳಿದದ್ದು ಅರ್ಧ ಜಿಬಿ. ಯಾರೂ ತಮ್ಮ ಪಾಲು ಪೂರ್ತಿ ಏಕಕಾಲಕ್ಕೆ ಕೇಳಲ್ಲ ಅನ್ನುವ ಧೈರ್ಯದ ಮೇಲೆ ನಡೆಯುತ್ತಿದೆ. ವಿಂಡೋಸ್ 10ಕ್ಕೆ ಕಳೆದ ತಿಂಗಳು 14ಕ್ಕೆ ಬೆಂಬಲ ನಿಂತಿತು, ಅದನ್ನೂ ಏನಾದರೂ ಮಾಡಬೇಕು. ಈ ಡಬ್ಬದ ಪ್ರೊಸೆಸರನ್ನು ವಿಂಡೋಸ್ 11 ಒಪ್ಪಲ್ಲ. ಅದು ಇನ್ನೊಂದು ದಿನದ ತಲೆನೋವು.

ಮಾವನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಹೇಳಿದೆ, "ತಪ್ಪು ನನ್ನದು ಮಾವ. ಇದನ್ನ ನಾಲ್ಕು ದಿನ ಹಿಂದಕ್ಕೆ ಕಳಿಸಿಬಿಟ್ಟೆ."

"ಹಿಂದಕ್ಕೆ ಅಂದ್ರೆ?"

"ಮಂಗಳವಾರ ಹೇಗಿತ್ತೋ ಹಾಗೆ. ಆಮೇಲಿಂದು ಯಾವುದೂ ಅದಕ್ಕೆ ಗೊತ್ತಿಲ್ಲ."

ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಆದರೆ ನನ್ನ ಕಂಪ್ಯೂಟರ್ ಸುಟ್ಟುಹೋಯ್ತಲ್ಲಮ್ಮ, ಹೋದ ವರ್ಷ. ಇದು ಯಾವುದು ಹಾಗಾದ್ರೆ?" ಅಂದರು. ಒಂದು ವರ್ಷದಿಂದ ಅದರಲ್ಲೇ ಬರೆಯುತ್ತಿದ್ದಾರೆ, ಈ ಪ್ರಶ್ನೆ ಇವತ್ತೇ ಬಂತು.

ಸುಟ್ಟಿದ್ದು ಕರೆಂಟ್ ಪೂರೈಸುವ ಎಸ್‌ಎಂಪಿಎಸ್, ಡಿಸ್ಕ್ ಚೆನ್ನಾಗಿತ್ತು, ಆ 40 ಜಿಬಿಯನ್ನು ಇದ್ದ ಹಾಗೇ ನಕಲು ಮಾಡಿ ಡಬ್ಬದೊಳಗೆ ಇಟ್ಟೆ ಅಂದೆ. ಮೊದಲು ವರ್ಟ್‌ಐಒ ಅನ್ನುವ ಹೊಸ ಬಗೆಯ ಡಿಸ್ಕ್ ಅಂತ ಕೊಟ್ಟು, ಡಿಸ್ಕೇ ಸಿಗದ 7ಬಿ ದೋಷದ ನೀಲಿ ಪರದೆ ನೋಡಿ, ಎರಡು ಸಂಜೆ ಹಾಳು ಮಾಡಿ, ಕೊನೆಗೆ ಹಳೇ ಬಗೆಯ ಐಡಿಇ ಅಂತ ಬದಲಿಸಿದ ಮೇಲೆ ಎದ್ದದ್ದನ್ನು ಹೇಳಲಿಲ್ಲ. ಅದಕ್ಕೆ ತಾನು ಬೇರೆ ಮನೆಗೆ ಬಂದಿದ್ದೇ ಗೊತ್ತಿಲ್ಲ ಮಾವ, ಇಂಟೆಲ್ 1996ರಲ್ಲಿ ತಂದ ಬೋರ್ಡ್ ಚಿಪ್ ಇದೆ ಅಂತ ನಾವು ನಾಟಕ ಆಡುತ್ತೇವೆ, ಅದು ನಂಬುತ್ತದೆ ಅಂದೆ. ಪಕ್ಕದಲ್ಲಿ ಇನ್ನೂ ಐದು ಜನ ಇದ್ದಾರೆ, ಅವರಿರೋದೂ ಇದಕ್ಕೆ ಗೊತ್ತಿಲ್ಲ.

"ಗೋಡೆ ಒಂದೇ, ಆದರೆ ಗೊತ್ತಿಲ್ಲ?"

"ಹ್ಞೂಂ."

"ನಮ್ಮ ವಠಾರದಲ್ಲಿ ಯಾರು ಯಾವ ಹುಳಿ ಮಾಡಿದ್ರು ಅಂತ ಒಗ್ಗರಣೆ ವಾಸನೆಯಲ್ಲೇ ಗೊತ್ತಾಗ್ತಿತ್ತು. ಇದೇನು ವಠಾರ?"

ಅವರು ಬರೆಯುತ್ತಿರುವುದೂ ಅದೇ, ತುಮಕೂರಿನ ವಠಾರದ ಕಥೆ. ಬಡಾವಣೆಯ ರಾಜ್ಯೋತ್ಸವ ಸಂಚಿಕೆಗೆ. ಏಳು ಸಂಸಾರ, ಒಂದು ನಲ್ಲಿ. ಅದಕ್ಕೇ ಅದು ಸಲೀಸಾಗಿ ಬಾಯಿಗೆ ಬಂತು. ನಾನೂ ಹಿಡಿದುಕೊಂಡೆ. ಪೈ-ಹೋಲ್ ಮತ್ತೆ ಜೆಲ್ಲಿಫಿನ್‌ಗೆ ಪೂರ್ತಿ ಬೇರೆ ಮನೆ ಇಲ್ಲ, ಯಜಮಾನರ ಅಡುಗೆಮನೆಯಲ್ಲೇ ಒಂದೊಂದು ಒಲೆ ಹಾಕಿಕೊಂಡಿದ್ದಾರೆ, ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಒಂದೇ. ಮಿಕ್ಕ ನಾಲ್ವರಿಗೆ ಬೇರೆ ಬಾಗಿಲು, ಬೇರೆ ಬೀಗ. ಎಲ್ಲರಿಗೂ ನಂಬರ್ ಇದೆ, 100ರಿಂದ ಶುರು.

"ನಾನೆಷ್ಟು?"

"104."

ತಲೆ ಆಡಿಸಿದರು. ಸರಿಯಾದ ವಿಳಾಸ ಸಿಕ್ಕಿದ ಅಂಚೆಯವನ ಹಾಗೆ.

ನಿಜ ಹೇಳಬೇಕೆಂದರೆ ಎಕ್ಸ್‌ಪಿಯನ್ನು ಇಟ್ಟುಕೊಂಡಿರುವುದು ಮಾವನ ಹಟಕ್ಕಲ್ಲ. ಈಗ ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತ ಯುನಿಕೋಡಿಗೆ ಬನ್ನಿ ಅಂದರೆ ಅವರು ಬಂದಾರು. ಡಿಟಿಪಿ ಹುಡುಗ ಬರಲ್ಲ. ಅವನದು ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್, ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ, ಅದಕ್ಕೆ ಯುನಿಕೋಡ್ ಅಂದರೇನೆಂದೇ ಗೊತ್ತಿಲ್ಲ. "ಮೇಡಂ, ಯುನಿಕೋಡ್ ಬೇಡ, ನುಡಿ ಫೈಲೇ ಕೊಡಿ, ಪರಿವರ್ತನೆ ಮಾಡಿದ್ರೆ ಒತ್ತಕ್ಷರ ಎಲ್ಲ ಎಗರಿಹೋಗುತ್ತೆ" ಅಂತಾನೆ. ಆ ಹಳೇ ಫೈಲನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಫಾಂಟ್ ಇಲ್ಲದೆ ತೆರೆದರೆ ಇಂಗ್ಲಿಷ್ ಅಕ್ಷರಕ್ಕೆ ಕೊಂಬು, ಟೋಪಿ ಹಾಕಿ ಮೆರವಣಿಗೆ ಹೊರಟ ಹಾಗೆ ಕಾಣುತ್ತದೆ. ಹಾಗಾಗಿ 2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ಕೈಬಿಟ್ಟ ಎಕ್ಸ್‌ಪಿ ನಮ್ಮ ಮನೆಯಲ್ಲಿ 2025ರಲ್ಲೂ 1 ಜಿಬಿ ಉಂಡುಕೊಂಡು ಹಾಯಾಗಿದೆ. ಇಂಟರ್ನೆಟ್ ಮಾತ್ರ ಕೊಟ್ಟಿಲ್ಲ. ಅಷ್ಟು ಬುದ್ಧಿ ಇದೆ ನನಗೆ. ಪ್ರಿಂಟರ್ ವಿಷಯದಲ್ಲಿ ಎಲ್ಲಿ ಹೋಗಿತ್ತೋ.

ಬ್ಯಾಕಪ್ ಇತ್ತು. ಅಷ್ಟರಮಟ್ಟಿಗೆ ದೇವರು ದೊಡ್ಡವನು. ರಾತ್ರಿ ಎರಡಕ್ಕೆ ದಿನಾ ಯುಎಸ್‌ಬಿ ಡಿಸ್ಕಿಗೆ ಒಂದು ಪ್ರತಿ ಹೋಗುತ್ತದೆ, ಕೊನೆಯ ಮೂರು ಉಳಿಯುತ್ತವೆ. ಈ ಸಲ ಕೈ ನಡುಗಿತು. 104ರ ಮೇಲೆ ಸುರಿಯದೆ ಹೊಸ ನಂಬರಿಗೆ ಇಳಿಸಿದೆ. ಏಳೆಂಟು ನಿಮಿಷ ಹಿಡಿಯಿತು. ಶೇಕಡಾ ಲೆಕ್ಕ ಏರುವುದನ್ನು ನಾವಿಬ್ಬರೂ ಹಾಲು ಕಾಯಿಸುವವರ ಹಾಗೆ ನೋಡುತ್ತಾ ಕೂತೆವು.

"ನೀವೀಗ 106ಕ್ಕೆ ಮನೆ ಬದಲಾಯಿಸಿದ್ದೀರಿ ಮಾವ."

"ಹಾಲುಕ್ಕಿಸ್ಬೇಕೇನಮ್ಮ ಮತ್ತೆ?"

ಆಗ ನಗು ಬಂತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರೂ ಬಂತು, ಯಾಕೋ. ಇವರು ಬಂದು ಅಪ್ಪ-ಮಗಳ ಹಾಗೆ ಏನು ನಡೆಸಿದ್ದೀರಿ, ಸೊಪ್ಪು ಬೆಕ್ಕು ಎಳೀತಿದೆ ಅಂದರು.

ಶುಕ್ರವಾರದವರೆಗಿನದು ಎಲ್ಲ ಬಂತು. ಇವತ್ತು ಬೆಳಿಗ್ಗೆಯ ಒಂದೂವರೆ ಪುಟ ಬರಲಿಲ್ಲ. ಅದು ಯಾವ ಪ್ರತಿಯಲ್ಲೂ ಇಲ್ಲ.

"ಬಿಡಮ್ಮ, ನೋಟ್‌ಬುಕ್ಕಲ್ಲಿದೆ" ಅಂದರು. ಮೊದಲು ಕೈಯಲ್ಲಿ ಬರೆದು ಆಮೇಲೆ ಟೈಪ್ ಮಾಡುತ್ತಾರೆ, ನಿಜ. ಪುಸ್ತಕ ತೆಗೆದು ತೋರಿಸಿದರು. ನಲ್ಲಿ ಸಾಲಿನಲ್ಲಿ ಬಿಂದಿಗೆ ಇಲ್ಲದವರು ಜಾಗ ಹಿಡಿಯಲು ಏನೇನು ಇಡುತ್ತಿದ್ದರು ಅನ್ನುವ ಭಾಗ. ಒಡೆದ ತೆಂಗಿನ ಚಿಪ್ಪು, ಇಟ್ಟಿಗೆ ಚೂರು, ಯಾರದೋ ಎನಾಮಲ್ ಲೋಟ. ಓದಿ, ಇದೆಯಲ್ಲ ಮಾವ, ನಾನೇ ಟೈಪ್ ಮಾಡಿಕೊಡ್ತೀನಿ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಆ ಲೋಟದ ಹತ್ತಿರ ಟೈಪ್ ಮಾಡುವಾಗ ಒಂದು ಸಾಲು ಬದಲಾಯಿಸಿದ್ದೆ. ಚೆನ್ನಾಗಿ ಬಂದಿತ್ತು. ಏನು ಅಂತ ನೆನಪಾಗ್ತಿಲ್ಲ."

ಊಟದಲ್ಲೂ ಅದೇ ಯೋಚನೆ ಇತ್ತು ಅವರಿಗೆ, ಗೊತ್ತಾಗುತ್ತಿತ್ತು. ಮಜ್ಜಿಗೆ ಬಡಿಸುವಾಗ "ಲೋಟ ಅಲ್ಲ, ಅದರ ಕಿವಿ ಬಗ್ಗೆ ಏನೋ ಇತ್ತು" ಅಂದರು. ಅಷ್ಟೇ.

ಸೋಮವಾರ ಫೈಲ್ ಕೊಡಬೇಕು. ಪ್ರಿಂಟರ್ ಬೇಡವೇ ಬೇಡ, ಪೆನ್‌ಡ್ರೈವಿನಲ್ಲೇ ಕೊಡುತ್ತೇನೆ. ಎರಡು ಗಂಟೆಯ ಬ್ಯಾಕಪ್ ಪಟ್ಟಿಗೆ 106 ಸೇರಿಸಿದೆ. ಹಳೇ 104 ಇನ್ನೂ ಅಳಿಸಿಲ್ಲ, ಆರಿಸಿ ಇಟ್ಟಿದ್ದೇನೆ. ಮಂಗಳವಾರವೇ ಅಲ್ಲಿ. ಅಳಿಸಿದರೆ 40 ಜಿಬಿ ಸಿಗುತ್ತದೆ, ಆದರೆ ಕೈ ಬರುತ್ತಿಲ್ಲ.

ಮಾವನ ಕೋಣೆಯ ದೀಪ ಇನ್ನೂ ಉರಿಯುತ್ತಿದೆ. ಕೀಬೋರ್ಡಿನ ಸದ್ದು ಬರುತ್ತದೆ, ನಿಲ್ಲುತ್ತದೆ, ಆಮೇಲೆ ಒಂದೇ ಕೀಲಿ ಟಕ್ ಟಕ್ ಟಕ್ ಅಂತ, ಅಳಿಸುತ್ತಿದ್ದಾರೆ ಅಂತ ಕಾಣುತ್ತದೆ. ಹೋಗಿ ಮಲಗಿ ಅನ್ನಲೋ, ಇಲ್ಲ ಒಂದು ಲೋಟ ಹಾಲು ಬಿಸಿ ಮಾಡಿ