"ಹೋಂ ನರ್ಸ್‌ಗಳಿಗೆ ಸಂಘ ಯಾಕೆ?" ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಮ್ಮ ಸಾಗರದ ಕಡೆ ಮದುವೆಮನೆ ಪಂಕ್ತಿಯಲ್ಲಿ ಪಕ್ಕ ಕೂತವರು, ಪಾಯಸ ಬರೋದರೊಳಗೆ ಇದನ್ನು ಕೇಳಿಯೇ ಕೇಳುತ್ತಾರೆ. "ಅಲ್ಲಾ ಮಾರಾಯಾ, ಹೋಂ ನರ್ಸ್‌ಗಳೂ ಸಂಘ ಕಟ್ಟಲಿ ಅಂತ ಹೇಳ್ತಾ ತಿರುಗ್ತೀಯಂತಲ್ಲ. ನಾಳೆ ಅವರು ಸ್ಟ್ರೈಕ್ ಮಾಡಿದ್ರೆ ಹಾಸಿಗೆ ಹಿಡಿದವರ ಗತಿ ಏನು?"

ಕೇಳೋದರಲ್ಲಿ ತಪ್ಪಿಲ್ಲ. ಅಮ್ಮ ಹಾಸಿಗೆ ಹಿಡಿಯುವ ಮೊದಲು ನಾನೂ ಹೀಗೇ ಕೇಳುತ್ತಿದ್ದೆ.

ಅಮ್ಮನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಅಕ್ಕ ಬೆಂಗಳೂರಲ್ಲಿ, ನಾನು ಶಿವಮೊಗ್ಗದಲ್ಲಿ, ತೋಟದ ಮನೆಯಲ್ಲಿ ಅಪ್ಪ ಒಬ್ಬರೇ. ಒಂದು ಏಜೆನ್ಸಿಗೆ ಫೋನ್ ಮಾಡಿದೆವು. ಎಂಟು ತಿಂಗಳಲ್ಲಿ ಐದು ಜನ ಬಂದು ಹೋದರು. ಹೆಸರಿಗೆ ಹೋಂ ನರ್ಸ್, ನರ್ಸಿಂಗ್ ಓದಿದವರು ಒಬ್ಬರೂ ಇಲ್ಲ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ಡಾಕ್ಟರು ಹೇಳಿದ್ದರು. ಹೇಳೋದು ಸುಲಭ, ಅಲ್ವಾ? ನಾಲ್ಕನೆಯವರು ಅದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಹಳೆ ಕಾಟನ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಅಮ್ಮನ ಹೆಗಲಿನಿಂದ ತೊಡೆಯವರೆಗೆ ಅಡಿಯಲ್ಲಿ ಹಾಸಿರುತ್ತಿದ್ದರು. ಆಚೆ ಅಂಚು ಹಿಡಿದು ತಮ್ಮ ಕಡೆ ಮೆಲ್ಲಗೆ ಎಳೆದರೆ ಅಮ್ಮ ತಾನಾಗಿ ಹೊರಳುತ್ತಿದ್ದಳು. ಚರ್ಮ ಉಜ್ಜುತ್ತಿರಲಿಲ್ಲ. ರಾತ್ರಿ ಕೆಳಗೆ ಚಾಪೆ ಹಾಸಿ ಮಲಗುವಾಗ ಲಂಗದ ಲಾಡಿಯ ಒಂದು ತುದಿ ಅವರ ಕೈಗೆ, ಇನ್ನೊಂದು ಅಮ್ಮನ ಬಲಗೈಗೆ. ಬೇಕಾದಾಗ ಎಳೆದರಾಯಿತು.

ಮೂರು ತಿಂಗಳಿದ್ದರು. ಊರಲ್ಲಿ ಮಗನಿಗೆ ಜ್ವರ ಬಂತು. ಏಜೆನ್ಸಿ ರಜೆ ಕೊಡಲಿಲ್ಲ. ಮಾರನೇ ದಿನ ಬೆಳಿಗ್ಗೆ ಆರೂವರೆ ಬಸ್ಸಿಗೆ ಹೋಗಿಬಿಟ್ಟರು. ಐದನೆಯವರಿಗೆ ಸೀರೆಯ ವಿಷಯ ಹೇಳುವವರೇ ಇರಲಿಲ್ಲ. ಹದಿನೈದು ದಿನದಲ್ಲಿ ಅಮ್ಮನ ಸೊಂಟದ ಹಿಂದೆ ಎಂಟಾಣೆ ಅಗಲ ಕೆಂಪಗಾಯಿತು. ಆಮೇಲೆ ಹುಣ್ಣಾಯಿತು.

ಹಾಗಾಗಿ ಸ್ಟ್ರೈಕ್ ಬಗ್ಗೆ ಕೇಳುವವರಿಗೆ ನಾನು ಈ ಬಸ್ಸಿನ ಕತೆ ಹೇಳುತ್ತೇನೆ. ಅಮೆರಿಕದಲ್ಲಿ ಆಸ್ಪತ್ರೆ, ನರ್ಸಿಂಗ್ ಹೋಂ (ಅಲ್ಲಿ ಹಾಗಂದರೆ ವಯಸ್ಸಾದವರನ್ನು ಇಟ್ಟು ನೋಡಿಕೊಳ್ಳುವ ಜಾಗ) ನೌಕರರ ಸಂಘ ಸ್ಟ್ರೈಕ್ ಮಾಡಬೇಕಾದರೆ 10 ದಿನ ಮೊದಲೇ ನೋಟಿಸ್ ಕೊಡಬೇಕು. 1974ರಿಂದ ಅಲ್ಲಿ ಅದು ಕಾನೂನು. ಸಂಘವೇ ಇಲ್ಲದ ನಮ್ಮಲ್ಲಿ ನಮಗೆ ಸಿಕ್ಕಿದ್ದು ಒಂದು ರಾತ್ರಿ.

ಇನ್ನು ದುಡ್ಡು. ನಾವು ಏಜೆನ್ಸಿಗೆ ಕಟ್ಟುತ್ತಿದ್ದದ್ದು 18,000. ನೋಡಿಕೊಳ್ಳುವವರ ಕೈಗೆ ಸಿಗುತ್ತಿದ್ದದ್ದು 11,000 ಅಂತ ಆಮೇಲೆ ಗೊತ್ತಾಯಿತು. ಹಗಲು ರಾತ್ರಿ ಸೇರಿ ತಿಂಗಳಿಗೆ 720 ಗಂಟೆ. ಗಂಟೆಗೆ 15 ರೂಪಾಯಿ ಚಿಲ್ಲರೆ. ಅದೇ ಅಂಗಳದಲ್ಲಿ ಅಡಿಕೆ ಸುಲಿಯೋರಿಗೆ ಡಬ್ಬಕ್ಕೆ ಇಷ್ಟು ಅಂತ ಲೆಕ್ಕ ಇದೆ. ಒಳಗೆ ಮನುಷ್ಯರನ್ನು ಹೊರಳಿಸುವವರಿಗೆ ಅಳತೆಯೇ ಇಲ್ಲ. "ಪುಣ್ಯದ ಕೆಲಸ" ಅಂದು ಮುಗಿಸುತ್ತೇವೆ. ಈ ಮಾತು ಕೇಳಿದರೆ ನನಗೆ ಈಗೀಗ ಸಿಟ್ಟು ಬರುತ್ತದೆ.

ನಮ್ಮ ತಾಲ್ಲೂಕಿನವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತಿದ್ದು ಅಳತೆಯ ವಿಷಯಕ್ಕೇ. ಗೇಣಿ ಭತ್ತ ಅಳೆಯೋ ಒಡೆಯರ ಕೊಳಗ ದೊಡ್ಡದು ಅನ್ನೋದು ಅವರ ತಕರಾರು. ಗಣಪತಿಯಪ್ಪನವರು ರೈತರನ್ನು ಒಟ್ಟು ಸೇರಿಸಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಅರೆಸ್ಟ್ ಆದರು. ಒಬ್ಬೊಬ್ಬರೇ ಹೋಗಿ ಕೇಳಿದ್ದರೆ ಕೊಳಗ ಚಿಕ್ಕದಾಗುತ್ತಿತ್ತಾ? ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ಕೂಲಿ ಗೊತ್ತು ಮಾಡಿದೆ. ಆದರೆ ಆ ಕಾಗದ ಹಿಡಿದು ಒಬ್ಬ ಹೆಂಗಸು ನಮ್ಮ ಜಗಲಿಯಲ್ಲಿ ನಿಂತು ಲೆಕ್ಕ ಕೇಳೋದುಂಟಾ?

"ಭದ್ರಾವತಿ ಫ್ಯಾಕ್ಟರಿಯಾದರೆ ಗೇಟ್ ಹತ್ತಿರ ಎಲ್ಲ ಸಿಗ್ತಾರೆ. ಇವರು ಒಬ್ಬರು ಇಲ್ಲಿ, ಇನ್ನೊಬ್ಬರು ಗುಡ್ಡದಾಚೆ. ಸಂಘ ಹೇಗೆ ಕಟ್ತೀಯ?" ಅಂತಲೂ ಕೇಳುತ್ತಾರೆ. ಲಾಸ್ ಏಂಜಲೀಸ್‌ನಲ್ಲೂ ಹಾಗೇ ಇತ್ತು. ಒಬ್ಬೊಬ್ಬರು ಒಂದೊಂದು ಮನೆ. ಆದರೂ ಹತ್ತು ವರ್ಷಕ್ಕೂ ಮೀರಿ ಹೆಣಗಿ 1999ರಲ್ಲಿ ನಡೆದ ಮತದಾನದಲ್ಲಿ ಗೆದ್ದು, ಅಲ್ಲಿನ ಸುಮಾರು 74,000 ಮನೆ ಆರೈಕೆ ನೌಕರರಿಗೆ ಸಂಘ ತಂದುಕೊಂಡರು. ನನಗೆ ಹಿಡಿಸಿದ್ದು ಬೇರೆ ಸಂಗತಿ. ಆರೈಕೆ ಪಡೆಯುವ ಅಂಗವಿಕಲರ ಗುಂಪುಗಳೂ ಅವರ ಜೊತೆ ಸೇರಿದ್ದವು. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಅನ್ನೋದು ಮಾತ್ರ ನಮ್ಮ ಕೈಯಲ್ಲೇ ಇರಲಿ ಅಂದರು. ಹಾಗೇ ಆಯಿತು.

ಆರೈಕೆ ನಿಜವಾಗಿ ಸುಧಾರಿಸುತ್ತಾ ಅಂದರೆ, ಕೋವಿಡ್ ಶುರುವಾದ 2020ರಲ್ಲಿ ನ್ಯೂಯಾರ್ಕ್ ರಾಜ್ಯದ 355 ನರ್ಸಿಂಗ್ ಹೋಂಗಳ ಲೆಕ್ಕ ತೆಗೆದಿದ್ದರು. ನೌಕರರ ಸಂಘ ಇದ್ದ ಕಡೆ ಕೋವಿಡ್‌ನಿಂದ ಸತ್ತ ವೃದ್ಧರ ಪ್ರಮಾಣ ಶೇ. 30ರಷ್ಟು ಕಡಿಮೆ. ಸಂಘದಿಂದಲೇ ಅಂತ ಆಣೆ ಹಾಕಿ ಹೇಳೋ ಲೆಕ್ಕ ಅಲ್ಲ ಅದು. ಆದರೆ ಅಲ್ಲಿನ ನೌಕರರಿಗೆ ಎನ್-95 ಮಾಸ್ಕ್ ಹೆಚ್ಚಾಗಿ ಸಿಕ್ಕಿತ್ತು ಅನ್ನೋದೂ ಅದರಲ್ಲೇ ಇದೆ.

ನನ್ನನ್ನು ಕಟ್ಟಿಹಾಕೋ ಪ್ರಶ್ನೆ ಒಂದೇ: ದುಡ್ಡು ಯಾರು ಕೊಡೋದು? ಲಾಸ್ ಏಂಜಲೀಸ್‌ನಲ್ಲಿ ಸಂಬಳ ಸರ್ಕಾರದ್ದು. ನಮ್ಮಲ್ಲಿ ಮನೆಯವರದ್ದು. ವಯಸ್ಸಾದವರಿಗೆ ಸರ್ಕಾರ ತಿಂಗಳಿಗೆ ಕೊಡುವ ಸಂಧ್ಯಾ ಸುರಕ್ಷಾದ 1,200 ರೂಪಾಯಿ ಡಯಾಪರ್‌ಗೇ ಸಾಲದು. ಕೂಲಿ ಮಾಡಿ ಬದುಕುವ ಮನೆಯವರಿಗೆ "ಸರಿಯಾದ ಸಂಬಳ ಕೊಡಿ" ಅನ್ನೋಕೆ ನನಗೆ ಬಾಯಿ ಬರೋದಿಲ್ಲ. ಸರ್ಕಾರವನ್ನೇ ಕೇಳಬೇಕು. ಕೇಳುವಾಗ ನೋಡಿಕೊಳ್ಳುವವರೂ ನಾವೂ ಒಂದೇ ಸಾಲಲ್ಲಿ ನಿಲ್ಲಬೇಕು.

ನಾವು ಆ ನಾಲ್ಕನೆಯವರನ್ನೇ ಹುಡುಕಿ ಕರೆದೆವು, ಏಜೆನ್ಸಿ ಬಿಟ್ಟು. ವಾರಕ್ಕೆ ಒಂದು ದಿನ ರಜೆ, ರಾತ್ರಿಗೆ ಇನ್ನೊಬ್ಬರು ಅಂತ ಮಾತಾಯಿತು. ಖರ್ಚು ಹೆಚ್ಚಾಯಿತು, ಅಕ್ಕ ನಾನು ಹಂಚಿಕೊಂಡೆವು. ರಾತ್ರಿ ಬರುವವರಿಗೆ ಸೀರೆ ಮಡಚೋದನ್ನು ಅವರೇ ಕಲಿಸಿದ್ದಾರೆ. ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡಿಯಿತು.