ಸ್ವರ ಬರೆಯೋಕೆ ಯಾವ ಸಾಫ್ಟ್‌ವೇರ್?

ಸ್ಟಾಫ್ ನೊಟೇಶನ್ (ಐದು ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಪದ್ಧತಿ) ಬರೆಯೋಕೆ ಯಾವ ಸಾಫ್ಟ್‌ವೇರ್ ಹಿಡಿಯೋದು ಅಂತ ಈ ವಾರವಿಡೀ ಅದೇ ಯೋಚನೆ. ಮ್ಯೂಸ್‌ಸ್ಕೋರ್ ಉಚಿತ, ಮುಕ್ತ ತಂತ್ರಾಂಶ. 2022ರ ಕೊನೆಗೆ ಬಂದ ನಾಲ್ಕನೇ ಆವೃತ್ತಿಯಿಂದ ಪುಟದ ಅಂದವೂ ಕೇಳಿಸುವ ನಾದವೂ ತುಂಬಾ ಸುಧಾರಿಸಿವೆ. ಸಿಬೇಲಿಯಸ್ ಹಳಬರ ಕೈಗೆ ಒಗ್ಗಿಬಿಟ್ಟಿದೆ. ಲಿಲಿಪಾಂಡ್‌ನಲ್ಲಿ ಮೌಸ್ ಹಿಡಿದು ಸ್ವರ ಕೂರಿಸುವ ಹಾಗಿಲ್ಲ, ಎಲ್ಲವನ್ನೂ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಆದರೆ ಅದರ ಪುಟ ನೋಡಿದರೆ ಕಣ್ಣು ತಣಿಯುತ್ತೆ.

ನನ್ನ ಮನಸ್ಸು ವಾಲಿರೋದು ಡೊರಿಕೊ ಕಡೆಗೆ. ಸಿಬೇಲಿಯಸ್ ತಂಡದಲ್ಲಿದ್ದ ಹಲವರು ಆಮೇಲೆ ಸ್ಟೈನ್‌ಬರ್ಗ್ ಕಂಪನಿ ಸೇರಿ ಬುಡದಿಂದ ಕಟ್ಟಿದ್ದು ಇದು, 2016ರಲ್ಲಿ ಬಂತು. ಇನ್ಸರ್ಟ್ ಮೋಡ್‌ನಲ್ಲಿ ನಡುವೆ ಒಂದು ಸ್ವರ ಸೇರಿಸಿದರೆ ಮುಂದಿನದೆಲ್ಲ ತಾನಾಗೇ ಸರಿಯುತ್ತೆ, ಬಾರ್ ಗೆರೆ (ತಾಳದ ಭಾಗಗಳನ್ನ ಬೇರ್ಪಡಿಸುವ ಗೆರೆ) ದಾಟುವ ಸ್ವರಕ್ಕೆ ಟೈ (ಎರಡೂ ಬದಿಯ ತುಂಡುಗಳನ್ನ ಒಂದೇ ಸ್ವರವಾಗಿ ಬೆಸೆಯುವ ಕಮಾನು) ಕೂಡ ಅದೇ ಹಾಕುತ್ತೆ. ಬರೆದದ್ದನ್ನ ಮತ್ತೆ ಮತ್ತೆ ತಿದ್ದುವವರಿಗೆ ಇದೆಷ್ಟು ದೊಡ್ಡ ನೆಮ್ಮದಿ ಗೊತ್ತಾ!

ಆದರೂ ಫಿನಾಲೆ ಅನ್ನೋ ಇಂಥದ್ದೇ ಸಾಫ್ಟ್‌ವೇರ್ ನೆನಪಾಗುತ್ತೆ. 1988ರಿಂದ ಇದ್ದದ್ದು, ಇನ್ನು ಅಭಿವೃದ್ಧಿ ಇಲ್ಲ ಅಂತ 2024ರ ಆಗಸ್ಟ್‌ನಲ್ಲಿ ಘೋಷಣೆ ಬಂತು. ಬದುಕಿಡೀ ಬರೆದ ಸಂಗೀತವೆಲ್ಲ ಅದರ ಫೈಲ್‌ಗಳಲ್ಲೇ ಇರುವವರನ್ನ ನೆನೆದರೆ ಸಂಕಟ ಆಗುತ್ತೆ. ಮ್ಯೂಸಿಕ್‌ಎಕ್ಸ್‌ಎಂಎಲ್‌ಗೆ (ಬೇರೆ ಬೇರೆ ಸಾಫ್ಟ್‌ವೇರ್‌ಗಳು ಓದಬಲ್ಲ ಫೈಲ್ ರೂಪಕ್ಕೆ) ಬದಲಿಸಿಕೊಂಡರೆ ಸ್ವರ, ಸಾಹಿತ್ಯ ಬಹುಪಾಲು ಉಳಿಯುತ್ತೆ. ಗಂಟೆಗಟ್ಟಲೆ ಕೂತು ಜೋಡಿಸಿದ ಪುಟ ಮಾತ್ರ ಹಾಗೇ ಬರೋದಿಲ್ಲ.

ಅದಕ್ಕೇ ಯಾವುದನ್ನ ಆರಿಸಿಕೊಂಡರೂ ಪ್ರತಿ ರಚನೆಗೂ ಒಂದು ಮ್ಯೂಸಿಕ್‌ಎಕ್ಸ್‌ಎಂಎಲ್, ಒಂದು ಪಿಡಿಎಫ್ ತೆಗೆದಿಡೋದು ಅಂತ ನಿಶ್ಚಯಿಸಿದ್ದೀನಿ. ಸದ್ಯಕ್ಕೆ ಡೊರಿಕೊದ ಉಚಿತ ಆವೃತ್ತಿಯಲ್ಲಿ ಒಂದು ಸಣ್ಣ ರಚನೆ ಪೂರ್ತಿ ಬರೆದು ನೋಡ್ತೀನಿ. ಇದನ್ನ ದಿನಾ ಬಳಸುವವರು ಯಾರಾದ್ರೂ ಇದ್ದರೆ ದಯವಿಟ್ಟು ಹೇಳಿ, ಹಾಡಿನ ಸಾಹಿತ್ಯ ಸ್ವರದಡಿ ಕೂರಿಸೋದು ಎಷ್ಟು ಸಲೀಸು?